ಅವಸರವಿಲ್ಲ ಅಂದದ್ದಕ್ಕೆ

ಎರಡು ವರ್ಷ ಮೂರು ತಿಂಗಳು ನಾನು ಕ್ಯಾಮೆರಾ ಮುಂದೆ ನಿಲ್ಲಲಿಲ್ಲ. ನಡೆಯುತ್ತಿದ್ದ ಧಾರಾವಾಹಿಯ ದೊಡ್ಡತ್ತೆ ಪಾತ್ರ ಹೋಯಿತು, ಮಾತು ಮುಗಿದಿದ್ದ ಸಿನಿಮಾ ಹೋಯಿತು, ವಿಜಯವಾಡದ ಸೀರೆ ಅಂಗಡಿಗಳ ಬೋರ್ಡುಗಳಿಂದ ನನ್ನ ಮುಖ ಇಳಿಯಿತು. ಒಂದು ಪದ ತಪ್ಪಿ ಆಡಿದ್ದಕ್ಕೆ ಪಾಪ, ಇಷ್ಟೆಲ್ಲ ಅನುಭವಿಸಿದಳು ಅಂತ ನೆಂಟರು ಮರುಗುತ್ತಾರೆ. ಮರುಗಲಿ, ಕೇಳಲಿಕ್ಕೆ ಚೆನ್ನಾಗಿರುತ್ತೆ. ನಿಜ ಹೇಳಬೇಕೆಂದರೆ ಆ ಪದಕ್ಕೆ ಹೋದದ್ದು ಹೆಚ್ಚೆಂದರೆ ಎರಡು ತಿಂಗಳು. ಅದರ ಮೇಲೆ ಐದಾರು ತಿಂಗಳು ನನ್ನ ಜಾಣತನಕ್ಕೆ ಹೋಯಿತು. ಉಳಿದದ್ದನ್ನು ಗೊತ್ತಿದ್ದೂ ಕೊಟ್ಟೆ.

ನಾನು ದಾವಣಗೆರೆಯವಳು. ನಮ್ಮವರು ಬ್ಯಾಂಕಿನಲ್ಲಿದ್ದರು, ವರ್ಗವಾಗಿ ವಿಜಯವಾಡಕ್ಕೆ ಬಂದಾಗ ಮೂರು ವರ್ಷ ಕಳೆದರೆ ಸಾಕು ಅಂದುಕೊಂಡಿದ್ದೆವು. ಪಟಮಟದ ಬಾಡಿಗೆ ಮನೆಯಲ್ಲಿ ಮಗಳು ಹುಟ್ಟಿದಳು, ಅಲ್ಲೇ ಶಾಲೆಗೆ ಹೋದಳು, ಓರಗೆಯವರ ಜೊತೆ ತೆಲುಗಿನಲ್ಲೇ ಜಗಳವಾಡಿ ಬೆಳೆದಳು. ಊರಿಗೆ ಮರಳುವ ಮಾತು ತಾನಾಗಿ ನಿಂತುಹೋಯಿತು. ನನಗೆ ತೆಲುಗು ಕಲಿಸಿದವರು ತರಕಾರಿ ಗಾಡಿಯವರು. ಚೌಕಾಸಿ ಮಾಡುತ್ತ ಕಲಿತ ಭಾಷೆ ಗಟ್ಟಿಯಾಗಿ ನಿಲ್ಲುತ್ತೆ, ಯಾಕೆಂದರೆ ತಪ್ಪಿದರೆ ಅಲ್ಲೇ ನಿಂತಲ್ಲೇ ಮೋಸ ಹೋಗುತ್ತೀರಿ.

ನಟನೆಗೆ ಬಂದದ್ದೂ ಚೌಕಾಸಿಯಿಂದಲೇ. ಒಂದು ಸೀರೆ ಅಂಗಡಿಯಲ್ಲಿ ಮಧ್ಯಾಹ್ನವೆಲ್ಲ ಕೂತು ಮಾಲೀಕನ ಜೊತೆ ಜಗ್ಗಾಡಿದ್ದೆ. ಕೊನೆಗೆ ಆತ ಕೈಮುಗಿದ. "ಬೆಲೆ ಇಳಿಸೋದಿಲ್ಲಮ್ಮಾ. ಬೇಕಾದ್ರೆ ನಿಮ್ಮನ್ನೇ ಜಾಹೀರಾತಿಗೆ ಹಾಕ್ಕೊಳ್ತೀನಿ. ಇಷ್ಟು ಜಗಳ ಆಡಿದವರೇ ಸೀರೆ ಚೆನ್ನಾಗಿದೆ ಅಂದ್ರೆ ಊರೆಲ್ಲ ನಂಬುತ್ತೆ." ಎಲ್ಲರ ತೆಲುಗನ್ನೂ ಇಲ್ಲಿ ಕನ್ನಡ ಮಾಡಿಯೇ ಬರೆಯುತ್ತಿದ್ದೇನೆ. ಆತ ಅಂದದ್ದು ತಮಾಷೆಗೆ. ನಾನು ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ನಿಂತೆ.

ಒಂದು ಜಾಹೀರಾತು ನಾಲ್ಕಾಯಿತು, ನಾಲ್ಕು ನೋಡಿದ ಯಾರೋ ಧಾರಾವಾಹಿಗೆ ಕರೆದರು. ಚಿತ್ರೀಕರಣ ವಿಶಾಖಪಟ್ಟಣದಲ್ಲಿ, ಭೀಮಿಲಿಗೆ ಹೋಗುವ ದಾರಿಯ ಒಂದು ದೊಡ್ಡ ಮನೆಯಲ್ಲಿ. ತಿಂಗಳಿಗೆ ಹತ್ತು ಹನ್ನೆರಡು ದಿನ ಬೆಳಗಿನ ರೈಲು ಹಿಡಿದು ಹೋಗುತ್ತಿದ್ದೆ. ನನಗೆ ಮ್ಯಾನೇಜರ್ ಅಂತ ಯಾರೂ ಇರಲಿಲ್ಲ. ಮಾತುಕತೆ ಎಲ್ಲ ನನ್ನದೇ. ವಾಪಸ್ಸು ಹೋಗುವ ರೈಲಿನ ಹೊತ್ತಿಗೆ ಬಿಡಬೇಕು, ಕೆನ್ನೆಗೆ ಹೊಡೆಸಿಕೊಳ್ಳುವ ದೃಶ್ಯವಿದ್ದರೆ ಹಿಂದಿನ ದಿನವೇ ಹೇಳಬೇಕು, ಟೈಟಲಿನಲ್ಲಿ ನನ್ನ ಹೆಸರು ಒಂಟಿಯಾಗಿ ಬರಬೇಕು. ಮೂರನೆಯದಕ್ಕೆ ಒಂದು ವರ್ಷ ಜಗ್ಗಾಡಿದೆ. ಬಂತು.

ಸೆಟ್ಟಿನಲ್ಲಿ ಸಂಭಾಷಣೆ ಬಾಯಿಪಾಠ ಮಾಡುವ ಪದ್ಧತಿ ಇಲ್ಲ. ಕ್ಯಾಮೆರಾ ಪಕ್ಕದಲ್ಲಿ ಒಬ್ಬ ಪ್ರಾಂಪ್ಟರ್ ನಿಂತು ಒಂದೊಂದೇ ಸಾಲು ಓದುತ್ತಾನೆ. ಅವನು ನಿಲ್ಲಿಸಿದ ಕೂಡಲೇ ನಾವು ಅದೇ ಸಾಲನ್ನು ಅಳುತ್ತಲೋ ಕಿರುಚುತ್ತಲೋ ಹೇಳಬೇಕು. ವರ್ಷಗಟ್ಟಲೆ ಹಾಗೆ ಮಾಡಿದರೆ ಕಿವಿಗೂ ಬಾಯಿಗೂ ನಡುವೆ ಮನಸ್ಸು ಅನ್ನೋದು ಬೇಕಾಗುವುದೇ ಇಲ್ಲ.

ಆ ದಿನ ಪ್ರಾಂಪ್ಟರ್ ಇರಲಿಲ್ಲ.

ವಿಜಯವಾಡದ ಒಂದು ಕಲ್ಯಾಣಮಂಟಪದಲ್ಲಿ ಮಹಿಳಾ ಸನ್ಮಾನ ಅಂತ ಕರೆದಿದ್ದರು. ಕರೆದದ್ದು ಆಳುವ ಪಕ್ಷದ ಸ್ಥಳೀಯ ನಾಯಕರು. ಹೋಗಿ ನೋಡಿದರೆ ಹಾರ ಶಾಲುಗಳ ಪಕ್ಕದಲ್ಲೇ ಇನ್ನೊಂದು ತಟ್ಟೆ, ಅದರ ತುಂಬ ಮಡಿಸಿಟ್ಟ ಕಂಡುವಾಗಳು. ಕಂಡುವಾ ಅಂದರೆ ಹೆಗಲ ಶಲ್ಯ. ಆಂಧ್ರದಲ್ಲಿ ಪಕ್ಷ ಸೇರುವುದಕ್ಕೆ ಅರ್ಜಿ ಗಿರ್ಜಿ ಯಾರೂ ನೋಡುವುದಿಲ್ಲ. ನಾಯಕರು ತಮ್ಮ ಬಣ್ಣದ ಕಂಡುವಾವನ್ನು ನಿಮ್ಮ ಕೊರಳಿಗೆ ಹಾಕುತ್ತಾರೆ, ಫೋಟೋ ತೆಗೆಯುತ್ತಾರೆ, ಮುಗಿಯಿತು, ನೀವು ಆ ಕಡೆಯವರು. ಬಣ್ಣ ಯಾವುದು ಅಂತ ನಾನು ಹೇಳುವುದಿಲ್ಲ, ಕೇಳಬೇಡಿ.

ನನಗಿಂತ ಮುಂಚೆ ಹೋದ ಇಬ್ಬರೂ ಕತ್ತು ಬಗ್ಗಿಸಿದರು. ನಾನು ವೇದಿಕೆಯ ಮೆಟ್ಟಿಲ ಹತ್ತಿರ ನಿಂತು ಲೆಕ್ಕ ಹಾಕುತ್ತಿದ್ದೆ. ಹಾಕಿಸಿಕೊಂಡರೆ ನಾಳೆ ಸರ್ಕಾರ ಬದಲಾದಾಗ ಕೆಟ್ಟೆ. ಬೇಡ ಅಂದರೆ ಇವತ್ತೇ ಕೆಟ್ಟೆ. ಹೂಂ ಅನ್ನದೆ, ಊಹೂಂ ಅನ್ನದೆ ಮುಂದಕ್ಕೆ ಹಾಕಬೇಕು, ಅಷ್ಟೇ. ಅಷ್ಟರಲ್ಲಿ ಒಂದು ಯೂಟ್ಯೂಬ್ ಚಾನೆಲ್ಲಿನ ವರದಿಗಾರ್ತಿ, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು, ಮೈಕು ಹಿಡಿದು ಬಂದಳು. "ಅಮ್ಮಾ, ನೀವು ಕಂಡುವಾ ಯಾವಾಗ ಹಾಕಿಸಿಕೊಳ್ತೀರಿ?"

ಅವಳ ಭುಜದ ಮೇಲಿಂದ ನೋಡಿದರೆ ನಾಯಕರು ಎರಡೂ ಕೈಯಲ್ಲಿ ಕಂಡುವಾ ಅಗಲಿಸಿ ಹಿಡಿದುಕೊಂಡು ನನ್ನ ಕಡೆಗೇ ಬರುತ್ತಿದ್ದಾರೆ. ನಾಲ್ಕು ಹೆಜ್ಜೆ. ತಲೆಯೊಳಗೆ ಕನ್ನಡದಲ್ಲಿ ಒಂದೇ ಮಾತು ಸುತ್ತುತ್ತಿತ್ತು: ಅವಸರ ಇಲ್ಲ ಅನ್ನು, ಅವಸರ ಇಲ್ಲ ಅನ್ನು. ಸೀರೆ ಜಾಹೀರಾತಿನ ನಗುವನ್ನೇ ತಂದುಕೊಂಡು ತೆಲುಗಿನಲ್ಲಿ ಹೇಳಿದೆ: "ನಾಕು ಅವಸರಂ ಲೇದಂಡಿ."

ನಾಯಕರು ನಿಂತರು. ಕಂಡುವಾ ಅವರ ಕೈಯಲ್ಲೇ ಜೋತಾಡಿತು. ಆಮೇಲೆ ಪಕ್ಕಕ್ಕೆ ತಿರುಗಿ ಇನ್ಯಾರದೋ ಕೊರಳಿಗೆ ಹಾಕಿದರು. ಎಂಥ ನಾಜೂಕಾಗಿ ತಪ್ಪಿಸಿಕೊಂಡೆ ಅಂತ ನನಗೆ ಒಳಗೊಳಗೇ ಖುಷಿ.

ಆಟೋದಲ್ಲಿ ಬಂದು ಮನೆಯ ತಿರುವಿನಲ್ಲಿ ಇಳಿದೆ. ಗಾಡಿಯಲ್ಲಿ ಹೀರೇಕಾಯಿ ಎಳಸಾಗಿದ್ದವು. ಆರಿಸಿ ಕೊಟ್ಟೆ, ಗಾಡಿಯವಳು ಪ್ಲಾಸ್ಟಿಕ್ ಚೀಲಕ್ಕೆ ಕೈ ಹಾಕಿದಳು. ನಾನು ದಿನಾ ಹೇಳುವ ಹಾಗೆ ಹೇಳಿದೆ: "ಕವರ್ ಅವಸರಂ ಲೇದು."

ಹೇಳಿ ಅಲ್ಲೇ ನಿಂತುಬಿಟ್ಟೆ. ಕನ್ನಡದಲ್ಲಿ ಅವಸರ ಅಂದರೆ ಆತುರ. ತೆಲುಗಿನಲ್ಲಿ ಅವಸರಂ ಅಂದರೆ ಅಗತ್ಯ. ಕವರ್ ಬೇಕಿಲ್ಲ. ಕಂಡುವಾ ಬೇಕಿಲ್ಲ. ನಗುನಗುತ್ತ, ನೂರಾರು ಜನರ ಮುಂದೆ, ಮೈಕಿನಲ್ಲಿ ಹೇಳಿ ಬಂದಿದ್ದೆ: ನಿಮ್ಮ ಕಂಡುವಾ ನನಗೇನೂ ಅಗತ್ಯವಿಲ್ಲ ಕಣ್ರೀ.

"ಏಮಮ್ಮಾ, ತೂಕ ಸರಿಯಾಗಿಲ್ವಾ?" ಅಂದಳು ಗಾಡಿಯವಳು.

ಮನೆಗೆ ಹೋಗುವಷ್ಟರಲ್ಲಿ ಮಗಳು ಫೋನು ಹಿಡಿದು ಕೂತಿದ್ದಳು. ನನ್ನ ಮಾತಿನ ವಿಡಿಯೋ ಆಗಲೇ ಹಿಂದೆ ಡೋಲು ಬಾರಿಸಿಕೊಂಡು ಓಡಾಡುತ್ತಿತ್ತು. "ಅಮ್ಮ, ನೀನು ಡೇರಿಂಗ್ ಅಂತೆ. ನೋಡು, ಎಲ್ರೂ ಬೆಂಕಿ ಗುರುತು ಹಾಕಿದಾರೆ."

"ಡೇರಿಂಗ್ ಅಲ್ಲ ಮಣ್ಣೂ ಅಲ್ಲ," ಅಂದರು ನಮ್ಮವರು, ಬನಿಯನ್ನಿನಲ್ಲೇ ಎದ್ದು ನಿಂತು. "ನಿಮ್ಮವ್ವ ದಾವಣಗೆರೆ ತೆಲುಗು ಮಾತಾಡಿ ಬಂದಾಳೆ."

ಅವರಿಗೆ ಒಂದೇ ಸಲಕ್ಕೆ ತಿಳಿಯಿತು. ತಿಳಿಯಬೇಕಾದವರಿಗೆ ತಿಳಿಸಲಿಕ್ಕೆ ಆಗಲಿಲ್ಲ. ನಾಯಕರ ಆಪ್ತ ಸಹಾಯಕನಿಗೆ ಫೋನು ಮಾಡಿದೆ. "ಸಾರ್, ನಾನು ಕನ್ನಡದವಳು, ಆತುರ ಇಲ್ಲ ಅನ್ನೋಕೆ ಹೋಗಿ ಹಾಗೆ ಬಂತು."

"ಎಷ್ಟು ವರ್ಷದಿಂದ ಇಲ್ಲಿದ್ದೀರಿ ಅಮ್ಮಾ?"

ಹೇಳಿದೆ.

"ಇಷ್ಟು ವರ್ಷಕ್ಕೆ ಅವಸರಂ ಅನ್ನೋ ಮಾತು ಗೊತ್ತಾಗಲಿಲ್ವಾ?"

"ಗೊತ್ತು ಸಾರ್."

"ಗೊತ್ತಿದ್ದೇ ಅಂದಿದ್ದೀರಿ. ಅದನ್ನೇ ಸಾರ್‌ಗೆ ಹೇಳ್ತೀನಿ."

ನೋಡಿ, ತೆಲುಗು ಬರುವುದಿಲ್ಲ ಅನ್ನುವಂತಿಲ್ಲ, ಊರೆಲ್ಲ ನನ್ನ ಜಾಹೀರಾತು ಕೇಳಿದೆ. ಬರುತ್ತೆ ಅಂದರೆ ಬೇಕಂತಲೇ ಅಂದಂತಾಯಿತು.

ಮರುದಿನ ಆ ವರದಿಗಾರ್ತಿ ಸ್ಕೂಟಿಯಲ್ಲಿ ಮನೆಗೇ ಬಂದಳು. ಮುಖ ಬಾಡಿತ್ತು. ಡೋಲು ಸೇರಿಸಿದ್ದು ತಾನಲ್ಲ, ಚಾನೆಲ್ಲಿನವರು. ತಾನು ಒಂದು ಅಕ್ಷರವನ್ನೂ ಕತ್ತರಿಸಿಲ್ಲ, ಪೂರ್ತಿ ರೆಕಾರ್ಡಿಂಗ್ ತನ್ನ ಹತ್ತಿರ ಇದೆ ಅಂದಳು. "ನಾನು ಕೇಳಿದ ಪ್ರಶ್ನೆ ತಪ್ಪಾ ಅಮ್ಮಾ?"

"ಪ್ರಶ್ನೆ ಸರಿಯಾಗೇ ಇತ್ತು. ಉತ್ತರ ಜಾರಿತು. ಕಾಫಿ ಕುಡಿ," ಅಂದೆ.

ಆ ವಾರ ವಿಶಾಖಪಟ್ಟಣದಿಂದ ಕರೆ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಧಾರಾವಾಹಿಯ ಪ್ರೊಡಕ್ಷನ್ ಮ್ಯಾನೇಜರ್ ಫೋನು ತೆಗೆಯುವುದನ್ನು ಬಿಟ್ಟ. ನಾನೇ ರೈಲು ಹತ್ತಿ ಹೋದೆ. ಸೆಟ್ಟಿನ ಗೇಟಿನ ಹತ್ತಿರ ನನ್ನನ್ನು ನೋಡಿ ಅವನು ತಾನು ಕುಡಿಯಬೇಕಿದ್ದ ಟೀ ಲೋಟವನ್ನು ನನಗೇ ಕೊಟ್ಟುಬಿಟ್ಟ. ಒಳ್ಳೆಯ ಮನುಷ್ಯ, ಹೆದರುಪುಕ್ಕಲ.

"ನಿಮ್ಮ ಪಾತ್ರ ಕಾಶಿಗೆ ಹೋಗಿದೆ ಅಮ್ಮಾ."

"ಯಾವಾಗ ವಾಪಸ್ಸು?"

"ಕಾಶಿ ದೊಡ್ಡ ಕ್ಷೇತ್ರ. ನೋಡೋದು ಬಹಳ ಇರುತ್ತೆ."

"ಬೇಡದವರ ಲಿಸ್ಟ್ ತೋರಿಸಿ. ನನ್ನ ಹೆಸರು ಎಲ್ಲಿದೆ, ಯಾರು ಬರೆದರು, ನೋಡೋಣ."

ಅವನು ಸುತ್ತ ನೋಡಿ ನನ್ನನ್ನು ಜನರೇಟರ್ ವ್ಯಾನಿನ ಪಕ್ಕಕ್ಕೆ ಕರೆದುಕೊಂಡು ಹೋದ. ಆ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ ಅಂತ. "ಲಿಸ್ಟ್ ಅಂತ ಇದ್ದಿದ್ರೆ ಒಳ್ಳೇದಿತ್ತು ಅಮ್ಮಾ. ಸಮುದ್ರದ ದಂಡೆಯಲ್ಲಿ ಶೂಟಿಂಗಿಗೆ ಅನುಮತಿ ಕೇಳಿದ್ವಿ. ಕಾಗದದ ಜೊತೆ ಕಲಾವಿದರ ಹೆಸರು ಕೊಡಬೇಕಲ್ಲ. ಆ ಆಫೀಸಿನವರು ನಿಮ್ಮ ಹೆಸರಿನ ಮೇಲೆ ಬೆರಳಿಟ್ಟರು. ಏನೂ ಅನ್ನಲಿಲ್ಲ. ಹಾಗೇ ಕಾಗದ ಪಕ್ಕಕ್ಕೆ ಸರಿಸಿದ್ರು. ಎಂಟು ದಿನ ಅಲ್ಲೇ ಬಿದ್ದಿತ್ತು. ನಿಮ್ಮ ಹೆಸರು ತೆಗೆದು ಬೇರೆ ಹಾಳೆ ಟೈಪ್ ಮಾಡಿ ಕೊಟ್ವಿ, ಊಟದ ಹೊತ್ತಿಗೆ ಸೀಲು ಬಿತ್ತು. ಈಗ ನೀವೇ ಹೇಳಿ, ನಾನು ಯಾರ ಹತ್ತಿರ ಜಗಳ ಆಡಲಿ? ಬೆರಳಿನ ಹತ್ತಿರವಾ?"

ಆ ದಿನ ವಾಪಸ್ಸು ರೈಲಿನಲ್ಲಿ ಕೂತು ಯೋಚಿಸಿದ್ದು ಒಂದೇ. ಕಾಶಿಗೆ ಹೋದ ಪಾತ್ರ ವಾಪಸ್ಸು ಬರಬಹುದು. ಸತ್ತ ಪಾತ್ರ ಬರುವುದಿಲ್ಲ. ಬರೆಯುವವರು ದೊಡ್ಡತ್ತೆಯನ್ನು ಸಾಯಿಸುವುದರೊಳಗೆ ನಾನು ನಾಯಕರ ಜೊತೆ ರಾಜಿಯಾಗಬೇಕು.

ನೇರ ದಾರಿ ಯಾವುದು? ಒಂದು ವಾರ ಬಿಟ್ಟು ಅವರ ಮನೆಗೆ ಹೋಗಿ, ಸಿಟ್ಟು ಇಳಿದಿರುವಾಗ, ಹೂವು ಹಣ್ಣು ಇಟ್ಟು, ನಾಲಿಗೆ ಜಾರಿದ ಕಥೆ ಹೇಳಿ ಅವರನ್ನೂ ನಗಿಸುವುದು. ನಮ್ಮವರು ಅದನ್ನೇ ಹೇಳಿದರು. ನಾನು ಕೇಳಲಿಲ್ಲ. ನನ್ನೊಳಗಿನ ಚೌಕಾಸಿಯವಳು ಬೇರೆ ಉಪಾಯ ಹೇಳಿದಳು. ಎದುರು ಪಕ್ಷದವರು ಆಗಲೇ ಎರಡು ಸಲ ಫೋನು ಮಾಡಿದ್ದರು. "ಅವರ ಕಂಡುವಾ ಬೇಡ ಅಂದ ಧೀರೆ" ಅಂತ ನನ್ನನ್ನು ಹೊಗಳುತ್ತಿದ್ದರು. ಅಂಗಡಿಗೆ ಇಬ್ಬರು ಗಿರಾಕಿ ಬಂದರೆ ಮೊದಲನೆಯವನು ತಾನೇ ದಾರಿಗೆ ಬರುತ್ತಾನೆ ಅಂದುಕೊಂಡು ಅವರನ್ನು ಮನೆಗೆ ಟೀಗೆ ಕರೆದೆ. ಸೇರುವುದಕ್ಕಲ್ಲ. ಬಂದರಂತೆ ಅನ್ನುವ ಸುದ್ದಿ ಆ ಕಡೆ ತಲುಪಲಿ ಅಂತ.

ಎಷ್ಟು ಹುಷಾರಾಗಿದ್ದೆ ಗೊತ್ತಾ? ಬಾಗಿಲಲ್ಲೇ ಹೇಳಿದ್ದೆ, ಕೊರಳಿಗೆ ಏನೂ ಹಾಕಬಾರದು. "ಅಯ್ಯೋ ಇಲ್ಲಮ್ಮಾ, ನಾವು ಅಂಥವರಲ್ಲ" ಅಂದರು. ಕೂತರು, ಚಕ್ಕುಲಿ ತಿಂದರು, ಬಂದವರಲ್ಲೊಬ್ಬ ತನ್ನ ಕಂಡುವಾ ತೆಗೆದು ಸೆಖೆ ಅಂತ ಪಕ್ಕದ ಕುರ್ಚಿಯ ಬೆನ್ನಿಗೆ ಹಾಕಿದ. ಹೊರಡುವಾಗ ಒಂದು ಫೋಟೋ ಅಂದರು. ಇದ್ದ ಕುರ್ಚಿಗಳಲ್ಲಿ ಯಾವುದರಲ್ಲಿ ನನ್ನನ್ನು ಕೂರಿಸಿದರು ಅಂತ ಬೇರೆ ಹೇಳಬೇಕಾಗಿಲ್ಲ. ಫೋಟೋದಲ್ಲಿ ಅದು ನನ್ನ ಹೆಗಲ ಮೇಲೇ ಇದ್ದ ಹಾಗಿತ್ತು.

ಸಂಜೆಯೊಳಗೆ ಅದು ವಿಜಯವಾಡದ ಎಲ್ಲ ಫೋನುಗಳಲ್ಲಿ. ಒಂದೇ ವಾರದಲ್ಲಿ ಸಿನಿಮಾದವರು ಕಥೆ ಬದಲಾಗಿದೆ ಅಂದರು. ನನ್ನ ಮೊದಲ ಸೀರೆ ಅಂಗಡಿಯ ಮಾಲೀಕ ಮಾತ್ರ ಸುಳ್ಳು ಹೇಳಲಿಲ್ಲ. "ಅಮ್ಮಾ, ಅಂಗಡಿ ಮುಂದೆ ದಿನಾ ಒಬ್ಬೊಬ್ಬರು ಬಂದು ಬೋರ್ಡು ನೋಡಿ ಹೋಗ್ತಾರೆ. ನೋಡ್ತಾರೆ, ಹೋಗ್ತಾರೆ. ನನಗೆ ನಿದ್ದೆ ಬರ್ತಿಲ್ಲ. ಕ್ಷಮಿಸಿ." ಜಾರಿದ ನಾಲಿಗೆಯನ್ನು ಯಾರಾದರೂ ಮರೆಯುತ್ತಿದ್ದರೇನೋ. ಈಗ ನಾನು ಎದುರು ಪಕ್ಷದವಳು. ಎದುರು ಪಕ್ಷದವರು? ಫೋಟೋ ಸಿಕ್ಕ ಮೇಲೆ ಅವರು ಮತ್ತೆ ಫೋನು ಮಾಡಲಿಲ್ಲ.

ಐದಾರು ತಿಂಗಳು ಹಾಗೇ ಹೋಯಿತು. ದೊಡ್ಡತ್ತೆ ಇನ್ನೂ ಕಾಶಿಯಲ್ಲೇ ಇದ್ದಳು. ಮನೆಯವರು ಆಗಾಗ ಅವಳಿಗೆ ಫೋನು ಮಾಡುವ ದೃಶ್ಯ ಬರುತ್ತಿತ್ತು, ಆ ಕಡೆಯ ಧ್ವನಿ ಕೇಳುತ್ತಿರಲಿಲ್ಲ. ನಾನು ಪ್ರತಿದಿನ ಸಂಜೆ ಟಿವಿ ಮುಂದೆ ಕೂತು ಅವಳು ಬದುಕಿದ್ದಾಳಾ ಅಂತ ನೋಡುತ್ತಿದ್ದೆ. ಆಮೇಲೆ ಒಂದು ಬೆಳಿಗ್ಗೆ ಪ್ರೊಡಕ್ಷನ್ ಮ್ಯಾನೇಜರನೇ ಫೋನು ಮಾಡಿದ. "ಅಮ್ಮಾ, ತಿಂಗಳ ಕೊನೆಗೆ ಕಥೆ ಮುಂದಕ್ಕೆ ಹೋಗಬೇಕು. ನೀವು ಬರ್ತೀರೋ, ಇಲ್ಲ..."

ನಾಯಕರ ಸಹಾಯಕನಿಗೆ ಮತ್ತೆ ಫೋನು ಮಾಡಿದೆ. ಮೂರನೇ ದಿನಕ್ಕೆ ವಾಟ್ಸಾಪಿನಲ್ಲಿ ಒಂದು ಹೇಳಿಕೆ ಬಂತು. ಐದೇ ಸಾಲು. ಇದನ್ನು ವಿಡಿಯೋದಲ್ಲಿ ಹೇಳಿದರೆ ಸಾರ್ ದೊಡ್ಡ ಮನಸ್ಸು ಮಾಡುತ್ತಾರೆ, ನಾಳೆ ವಿಮಾನ ಹತ್ತುವ ಮುಂಚೆ ಗನ್ನವರಂನಲ್ಲಿ ಸಿಗುತ್ತಾರೆ, ಕಾರು ಕಳಿಸುತ್ತೇವೆ. ಮೊದಲ ಮೂರು ಸಾಲು ನಾಯಕರ ಮೇಲೆ ನನ್ನ ಗೌರವ. ಐದನೆಯದು ಕ್ಷಮೆ. ನಾಲ್ಕನೆಯದು: 'ಆ ದಿನ ವರದಿಗಾರ್ತಿ ಎದುರು ಪಕ್ಷದವರ ಮಾತು ಕೇಳಿ ನನ್ನ ಉತ್ತರವನ್ನು ಕತ್ತರಿಸಿ ಅಂಟಿಸಿದ್ದಾಳೆ.'

ನಮ್ಮವರು ಕನ್ನಡಕ ಏರಿಸಿ ಎರಡು ಸಲ ಓದಿದರು. "ಹೇಳಿ ಬಂದ್ಬಿಡು ಮಾರಾಯ್ತಿ. ಯಾರು ಆ ಹುಡುಗಿ, ನಮಗೇನಾಗಬೇಕು?"

"ಅವಳು ನಮ್ಮನೇಲಿ ಕಾಫಿ ಕುಡಿದು ಹೋದ್ಲು ನಾನ್ನಾ," ಅಂದಳು ಮಗಳು. ಅಪ್ಪನನ್ನು ಅವಳು ತೆಲುಗಿನಲ್ಲೇ ಕರೆಯುವುದು.

"ಕಾಫಿ ಕುಡಿದವರಿಗೆಲ್ಲ ಪಾತ್ರ ಬಿಡೋಕಾಗುತ್ತಾ?"

ನನ್ನ ಲೆಕ್ಕ ಬೇರೆ ಇತ್ತು. ಒಂದು ಪದ ಬದಲಾಯಿಸಿದರೆ ಸಾಕು ಅಂದುಕೊಂಡಿದ್ದೆ. 'ವರದಿಗಾರ್ತಿ' ಇರುವ ಕಡೆ 'ಯಾರೋ'. ಯಾರೋ ಕತ್ತರಿಸಿದರು. ಯಾರ ತಲೆಗೂ ಬರುವುದಿಲ್ಲ. ಅಷ್ಟು ಮಾಡಿಸಲಿಕ್ಕೆ ನನಗೆ ಬರುವುದಿಲ್ಲವೇ?

ವಿಮಾನ ನಿಲ್ದಾಣದ ಹತ್ತಿರದ ಒಂದು ಹೋಟೆಲಿನ ಮೇಲಿನ ಕೋಣೆ. ನಾಯಕರು ಸೋಫಾದಲ್ಲಿ ಕೂತು ಇಡ್ಲಿ ತಿನ್ನುತ್ತಿದ್ದರು. ಎದ್ದು ನಮಸ್ಕಾರ ಮಾಡಿದರು, ನನಗೂ ಒಂದು ತಟ್ಟೆ ತರಿಸಿದರು. ಮರ್ಯಾದೆಗೆ ಒಂದು ಚೂರೂ ಕಡಿಮೆ ಇಲ್ಲ. ಸಹಾಯಕ ಗೋಡೆಗೆ ಒಂದು ಕುರ್ಚಿ ಹಾಕಿ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ.

"ಸಾರ್, ನಾಲ್ಕನೇ ಸಾಲು," ಅಂದೆ.

"ಹೇಳಿ ಅಮ್ಮಾ."

"ವರದಿಗಾರ್ತಿ ಬದಲು ಯಾರೋ ಅಂತ ಹಾಕೋಣ."

"ಯಾರೋ ಅಂದ್ರೆ ಯಾರು? ಜನ ಕೇಳ್ತಾರೆ."

"ನಿಜಾನೇ ಹೇಳ್ತೀನಿ ಹಾಗಾದ್ರೆ. ನಾಲಿಗೆ ಜಾರಿತು, ಕನ್ನಡದಲ್ಲಿ ಅದಕ್ಕೆ ಬೇರೆ ಅರ್ಥ. ಜನ ನಗ್ತಾರೆ, ನಕ್ಕರೆ ನನ್ನ ಮೇಲೆ ನಗ್ತಾರೆ. ನಿಮಗೇನೂ ಆಗೋದಿಲ್ಲ."

ಅವರು ಬಟ್ಟಲಿನಲ್ಲಿ ಉಳಿದ ಚಟ್ನಿಯನ್ನು ಬೆರಳಿನಿಂದ ಬಳಿದರು. "ಆಗುತ್ತಮ್ಮಾ. ನಾನು ಕಂಡುವಾ ಹಿಡ್ಕೊಂಡು ನಿಂತಿದ್ದೆ. ಎಂಟು ತಿಂಗಳಿಂದ ನನ್ನ ವಾರ್ಡಿನಲ್ಲಿ ಯಾರಿಗಾದ್ರೂ ಏನಾದ್ರೂ ಕೊಡೋಕೆ ಹೋದ್ರೆ, ಅವಸರಂ ಲೇದಂಡಿ ಅಂತ ಹಿಂದಿನಿಂದ ಕೂಗ್ತಾರೆ. ನಾಲಿಗೆ ಜಾರಿದ್ದಕ್ಕೆ ನಾನು ಅಷ್ಟು ಅನುಭವಿಸಿದೆ ಅಂತ ಹೇಳೋಕಾಗುತ್ತಾ? ಯಾರಾದ್ರೂ ಬೇಕೇ ಬೇಕು."

ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಅದು ನನಗೆ ಆ ಕ್ಷಣಕ್ಕೇ ತಿಳಿಯಿತು, ಆದ್ದರಿಂದಲೇ ಹೆದರಿಕೆಯಾಯಿತು. ಚೌಕಾಸಿ ನಡೆಯುವುದು ಎದುರಿನವನಿಗೆ ಬಿಡಲಿಕ್ಕೆ ಸಾಧ್ಯವಿರುವುದರಲ್ಲಿ ಮಾತ್ರ.

ಕುರ್ಚಿಯಲ್ಲಿ ಕೂತೆ. ಸೆರಗು ಸರಿಮಾಡಿಕೊಂಡೆ. ಸಹಾಯಕ ಫೋನಿನ ಹಿಂದೆ ನಿಂತು ಓದತೊಡಗಿದ, ಥೇಟ್ ಸೆಟ್ಟಿನ ಪ್ರಾಂಪ್ಟರಿನ ಹಾಗೆ. ಒಂದನೇ ಸಾಲು ಓದಿದ, ಹೇಳಿದೆ. ಎರಡನೆಯದು ಹೇಳಿದೆ. ಮೂರನೆಯದಕ್ಕೆ ಕಣ್ಣಲ್ಲಿ ನೀರು ಸಹ ತಂದೆ. ನಾಯಕರು ಇಡ್ಲಿ ಬಿಟ್ಟು ನೋಡಿದರು. ಅವನು ನಾಲ್ಕನೆಯದನ್ನು ಓದಿ ನಿಲ್ಲಿಸಿದ. ನನ್ನ ಬಾಯಿ ತೆರೆಯಿತು. 'ಆ ದಿನ' ಅನ್ನುವುದು ಆಗಲೇ ಹೊರಗೆ ಬಂದಿತ್ತು, 'ವರದಿ' ಅನ್ನುವುದೂ ಬಂತು. ತುಟಿಗಳನ್ನು ಬಿಗಿಯಾಗಿ ಮುಚ್ಚಬೇಕಾಯಿತು, ವಾಂತಿ ತಡೆಯುವವರ ಹಾಗೆ.

"ಪರವಾಗಿಲ್ಲ, ಇನ್ನೊಂದು ಟೇಕ್," ಅಂದ ಸಹಾಯಕ.

ಎರಡನೇ ಸಲವೂ ಅಲ್ಲಿಗೇ ನಿಂತೆ. ಹೊರಗೆ ಒಂದು ವಿಮಾನ ಇಳಿದ ಸದ್ದು, ಕಿಟಕಿಯ ಗಾಜು ಗಡಗಡ ಅಂತು. ನಾಯಕರು ಕೈಗಡಿಯಾರ ನೋಡಲಿಲ್ಲ, ನೋಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ನ್ಯಾಯ ಧರ್ಮ ಅಂತ ಏನೇನೋ ಯೋಚಿಸಿದೆ ಅಂತ ಬರೆದರೆ ಸುಳ್ಳಾಗುತ್ತೆ. ಅಲ್ಲಿ ಕೂತು ನಾನು ನೋಡಿದ್ದು ಇಷ್ಟು: ಆ ಹುಡುಗಿಯ ಹತ್ತಿರ ಪೂರ್ತಿ ರೆಕಾರ್ಡಿಂಗ್ ಇದೆ. ಅದನ್ನು ಅವಳು ತೋರಿಸಿದರೂ ಯಾರೂ ನಂಬುವುದಿಲ್ಲ, ಯಾಕೆಂದರೆ ನನ್ನ ಕಣ್ಣೀರು ಅಷ್ಟು ಚೆನ್ನಾಗಿದೆ. ಅವಳನ್ನು ಮತ್ತೆ ಯಾರೂ ಮೈಕು ಹಿಡಿಯಲಿಕ್ಕೆ ಬಿಡುವುದಿಲ್ಲ. ಒಬ್ಬರ ಕೆಲಸ ಹೇಗೆ ಹೋಗುತ್ತೆ, ಕಾಗದದ ಮೇಲೆ ಬೆರಳಿಟ್ಟರೆ ಏನಾಗುತ್ತೆ, ನನಗಿಂತ ಚೆನ್ನಾಗಿ ಆ ಕೋಣೆಯಲ್ಲಿ ಯಾರಿಗೆ ಗೊತ್ತಿತ್ತು? ಈ ಸಲ ಬೆರಳು ನನ್ನದಾಗುತ್ತಿತ್ತು.

"ಆಗೋದಿಲ್ಲ ಸಾರ್," ಅಂದೆ. ಈ ಸಲ ಪದ ಸರಿಯಾಗಿತ್ತು.

ಅವರು ಎದ್ದು ಕೈ ತೊಳೆದುಕೊಂಡು ಬಂದರು. ಸಿಟ್ಟು ಕಾಣಲಿಲ್ಲ. "ತೊಂದರೇಂ ಲೇದಮ್ಮಾ," ಅಂದರು. ಕನ್ನಡದ ಕಿವಿಗೆ ಅದು ತೊಂದರೆ ಏನಿಲ್ಲ ಅಂತ ಕೇಳಿಸುತ್ತೆ. ತೆಲುಗಿನಲ್ಲಿ ತೊಂದರ ಅಂದರೆ ಆತುರ. ಆತುರವೇನಿಲ್ಲ ಅಂದರು ಅವರು, ನಿಧಾನಕ್ಕೆ ಯೋಚಿಸಿ, ನಾನು ಇಲ್ಲೇ ಇರ್ತೀನಿ. ಆ ದಿನ ಕಲ್ಯಾಣಮಂಟಪದಲ್ಲಿ ನನಗೆ ಸಿಗದೆ ಹೋದ ಪದ ಅವರ ಬಾಯಲ್ಲಿ ಎಷ್ಟು ಸಲೀಸಾಗಿ ಬಂತು.

ಕೆಳಗೆ ಬಂದರೆ ಕರೆತಂದ ಕಾರು ಇರಲಿಲ್ಲ. ಹೆದ್ದಾರಿಯವರೆಗೆ ನಡೆದು, ಸಿಟಿ ಬಸ್ಸು ಹಿಡಿದು ಪಟಮಟಕ್ಕೆ ಬಂದೆ. ನಮ್ಮವರು ಬಾಗಿಲಲ್ಲೇ ನಿಂತಿದ್ದರು. ಮುಖ ನೋಡಿದವರೇ ಒಳಗೆ ಹೋಗಿ ಅಕ್ಕಿ ತೊಳೆದಿಟ್ಟರು.

ತಿಂಗಳ ಕೊನೆಗೆ ಪ್ರೊಡಕ್ಷನ್ ಮ್ಯಾನೇಜರ್ ಅಳುವ ಧ್ವನಿಯಲ್ಲಿ ಫೋನು ಮಾಡಿದ. "ಅಮ್ಮಾ, ಒಂದು ಫೋಟೋ ಬೇಕಾಗಿತ್ತು. ಹಾರ ಹಾಕೋಕೆ."

"ಕಾಶಿಯಲ್ಲೇ ಹೋದ್ಲಾ?"

"ಗಂಗಾ ಸ್ನಾನ ಮಾಡುವಾಗ. ಪುಣ್ಯದ ಸಾವು ಅಮ್ಮಾ, ನಾನೇ ಹೇಳಿ ಬರೆಸಿದೆ."

ನೀಲಿ ಸೀರೆಯ ಫೋಟೋ ಕಳಿಸಿದೆ. ಬೇರೆ ಯಾವುದನ್ನೂ ಹಾಕಬಾರದು, ಗಂಧದ ಹಾರವೇ ಇರಬೇಕು, ಪ್ಲಾಸ್ಟಿಕ್ ಹೂವು ಬೇಡ ಅಂತ ಷರತ್ತು ಹಾಕಿದೆ. ಸಂಚಿಕೆ ಬಂದ ದಿನ ದಾವಣಗೆರೆಯಿಂದ ಅಕ್ಕನ ಫೋನು. "ಏ, ನೀನು ಸತ್ತಿದ್ದು ನನಗೆ ಪಕ್ಕದ ಮನೇರು ಹೇಳಬೇಕಾ?" ಅಂತ ನಗಿಸಲಿಕ್ಕೆ ನೋಡಿದಳು. ನಾನೂ ನಕ್ಕೆ. ಫೋನಿಟ್ಟ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕೂತೆ.

ಆಮೇಲಿನ ಒಂದೂವರೆ ವರ್ಷ ಮದುವೆ ಮನೆಯವರ ಜೊತೆ ಸೀರೆ ಅಂಗಡಿಗಳಿಗೆ ಹೋದೆ, ಅವರ ಪರವಾಗಿ ಚೌಕಾಸಿ ಮಾಡಲಿಕ್ಕೆ. ಅದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ. ನನ್ನ ಬೋರ್ಡು ಇದ್ದ ಅಂಗಡಿಗಳಿಗೇ ಹೋಗಬೇಕಾಗುತ್ತಿತ್ತು. ಮೊದಮೊದಲು ಗೋಡೆ ನೋಡುತ್ತಿರಲಿಲ್ಲ. ಆ ವರದಿಗಾರ್ತಿ ಒಂದೆರಡು ಸಲ ಸಿಕ್ಕಳು, ಕೈ ಬೀಸಿದಳು. ಗನ್ನವರಂನ ಸಂಗತಿ ಅವಳಿಗೆ ನಾನು ಹೇಳಿಲ್ಲ.

ಸರ್ಕಾರ ಬದಲಾದ ಮೇಲೆ ವಾಪಸ್ಸು ಕರೆದರಾ ಅಂತ ಎಲ್ಲರೂ ಕೇಳುತ್ತಾರೆ. ಹಾಗೇನೂ ಆಗಲಿಲ್ಲ. ಒಂದು ದಿನ ವಿಶಾಖಪಟ್ಟಣದಿಂದ ಅದೇ ಮ್ಯಾನೇಜರ್ ಫೋನು ಮಾಡಿದ. ಬೇರೆ ಧಾರಾವಾಹಿ, ಹೆಡ್‌ಮಿಸ್ಟ್ರೆಸ್ ಪಾತ್ರದವರು ಮೆಟ್ಟಿಲಲ್ಲಿ ಬಿದ್ದು ಕಾಲು ಮುರಿದುಕೊಂಡಿದ್ದಾರೆ, ನಾಳೆಗೆ ಜನ ಬೇಕು. "ಹೆಸರು ಕೊಟ್ಟು ನೋಡ್ತೀನಿ ಅಮ್ಮಾ. ಏನಾಗುತ್ತೋ."

ಮೇಕಪ್ ಮಾಡಿಸಿಕೊಂಡು ಶಾಲೆಯ ಅಂಗಳದಲ್ಲಿ ಕೂತೆ. ಅನುಮತಿಯ ಕಾಗದ ಬರಬೇಕಿತ್ತು. ಹತ್ತಾಯಿತು, ಹನ್ನೊಂದಾಯಿತು. ಮ್ಯಾನೇಜರನ ಫೋನು ಬಡಿದುಕೊಂಡಾಗಲೆಲ್ಲ ಇಡೀ ಯೂನಿಟ್ ನನ್ನ ಕಡೆ ನೋಡುತ್ತಿತ್ತು. ಬೆವರಿಗೆ ಪೌಡರು ಎರಡು ಸಲ ಹಚ್ಚಿದರು. ಹನ್ನೆರಡೂವರೆಗೆ ಅವನು ಕಾಗದ ಬೀಸುತ್ತ ಗೇಟಿನಿಂದ ಓಡಿ ಬಂದ. ಅನುಮತಿ ಕೊಡುವ ಆಫೀಸಿನಲ್ಲಿ ಈಗ ಬೇರೆ ಯಾರೋ ಕೂತಿದ್ದಾರೆ, ಹೆಸರುಗಳನ್ನು ಓದಲೇ ಇಲ್ಲ ಅಂದ. ಅಷ್ಟೇ. ಯಾರೂ ನನ್ನನ್ನು ಕ್ಷಮಿಸಲಿಲ್ಲ, ಯಾರೂ ಹೆಸರು ಅಳಿಸಲಿಲ್ಲ. ಮರೆತರು. ಅದಕ್ಕಿಂತ ಹೆಚ್ಚಿನ ನ್ಯಾಯಕ್ಕೆ ಕಾದಿದ್ದರೆ ಇನ್ನೂ ಮನೆಯಲ್ಲೇ ಇರುತ್ತಿದ್ದೆ.

ನಿಮಗೆ ಹೇಳುವುದಿಷ್ಟು. ಬೇರೆ ಭಾಷೆಯ ಊರಿನಲ್ಲಿ ಮೈಕು ಎದುರಿಗೆ ಬಂದರೆ ನಿಮ್ಮ ಭಾಷೆಯಲ್ಲೇ ಮಾತಾಡಿ, ಅನುವಾದದ ತಪ್ಪು ಬೇರೆಯವರದಾಗಲಿ. ತಪ್ಪಾಡಿದರೆ ಆ ವಾರವೇ ಹೋಗಿ ಹೇಳಿ. ಇನ್ನೊಬ್ಬರನ್ನು ಮನೆಗೆ ಕರೆದು ಬೆಲೆ ಏರಿಸುವ ಆಟ ಸೀರೆಗೆ ಸರಿ, ರಾಜಕೀಯದವರ ಹತ್ತಿರ ಬೇಡ, ಅವರು ನಮಗಿಂತ ಹಳೆಯ ವ್ಯಾಪಾರಿಗಳು. ಫೋಟೋಗೆ ಕೂರುವ ಮುಂಚೆ ಕುರ್ಚಿಯ ಬೆನ್ನು ನೋಡಿ. ಯಾರಾದರೂ ಬರೆದುಕೊಟ್ಟದ್ದನ್ನು ಓದಲಿಕ್ಕೆ ಹೇಳಿದರೆ, ನಿಮ್ಮ ಬಗ್ಗೆ ಇರುವ ಸಾಲುಗಳಲ್ಲಿ ಎಷ್ಟು ಬೇಕಾದರೂ ಬಗ್ಗಿ, ಅದು ನಿಮ್ಮ ಸೊಂಟ. ಇನ್ನೊಬ್ಬರ ಬಗ್ಗೆ ಇರುವ ಸಾಲನ್ನು ಮನೆಯಲ್ಲೇ, ಹೊರಡುವ ಮುಂಚೆಯೇ, ಪೆನ್ನಿನಿಂದ ಹೊಡೆದು ಕಳಿಸಿ. ಅಲ್ಲಿ ಹೋಗಿ ಬದಲಾಯಿಸುತ್ತೇನೆ ಅನ್ನಬೇಡಿ. ಅಲ್ಲಿ ಇಡ್ಲಿ ಬಿಸಿಯಾಗಿರುತ್ತೆ, ಮಾತು ಮೆತ್ತಗಿರುತ್ತೆ, ಬಾಯಿ ತಾನಾಗಿ ತೆರೆಯುತ್ತೆ. ಹೊಡೆದ ಕಾಗದವನ್ನು ಅವರು ಒಪ್ಪದಿದ್ದರೆ ಹೋಗಲೇಬೇಡಿ. ಹೋಗಲೇಬೇಕಾಗಿ ಬಂದರೆ, ವಾಪಸ್ಸು ಬರಲಿಕ್ಕೆ ನಿಮ್ಮದೇ ಆಟೋವನ್ನು ಹೊರಗೆ ನಿಲ್ಲಿಸಿಕೊಂಡು ಹೋಗಿ.